ಗುಬ್ಬಿಕೊಪ್ಪದ ಕುಂಟೆತ್ತು

ಇಂದು ಮುಂಜಾನೆ ನಳ ಬಂದಿತ್ತು. ಕೊಡ, ಹಂಡೆ, ಬ್ಯಾರಲ್ಲು ಎಲ್ಲ ತುಂಬಿದೆ. ಅಂಗಳ ಗುಡಿಸಿದೆ, ಪೇರಲ ಗಿಡದ ಬುಡವೊಂದನ್ನು ಬಿಟ್ಟು. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ನಿನ್ನೆ ಬಟ್ಟೆಯಲ್ಲಿ ಕಟ್ಟಿಟ್ಟ ಮಡಕಿಕಾಳು ಮೊಳಕೆಯೊಡೆದಿವೆಯೋ ಇಲ್ಲವೋ ಎಂದು ಗಂಟು ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ಶೇಂಗಾ ಹುರಿದು, ರೊಟ್ಟಿಗೆಂದು ಹಿಂಡಿ ಕುಟ್ಟಿದೆ. ಬಾಲವಾಡಿಯಿಂದ ಬಂದ ಮೊಮ್ಮಗಳು ಚಿನ್ನುವಿನ ಜಡೆ ಬಿಚ್ಚಿ ಮತ್ತೆ ಹೆಣೆದೆ. ಮಧ್ಯಾಹ್ನ ಮನೆಗೆ ಬಂದ ನಸೀಮಾಳಿಗೆ ಚಹಾ ಮಾಡಿಕೊಟ್ಟೆ. ಮತ್ತು, ನಾನೇ ಮಾಡಿದ ತಪ್ಪಿಗಾಗಿ ಆ ನಸೀಮಾಳನ್ನು ಕ್ಷಮಿಸಿ ಕಳಿಸಿದೆ.

ಹೌದು. ತಪ್ಪು ನನ್ನದು. ಕಣ್ಣಲ್ಲಿ ನೀರು ತಂದುಕೊಂಡು ಕ್ಷಮೆ ಕೇಳಿದವಳು ಅವಳು. "ಇರ್ಲಿ ಬಿಡವಾ, ಸಣ್ಣವರಿದ್ರಿ" ಎಂದು ಅವಳ ಬೆನ್ನು ಸವರಿದವಳು ನಾನು. ಆಮೇಲೆ ಚಹಾದ ಕಪ್ಪು ತೊಳೆದು ಬೋರಲು ಹಾಕಿದವಳೂ ನಾನೇ.

ಮೊದಲಿನಿಂದ ಹೇಳುತ್ತೇನೆ.

ರೂಪಾ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ನನ್ನ ಅಕ್ಕ ಸುಮಿತ್ರಾಳ ಮಗಳು. ಅಕ್ಕನನ್ನು ಹುಬ್ಬಳ್ಳಿಯ ಈ ಗೋಪನಕೊಪ್ಪದ ಮನೆಗೆ ಕೊಟ್ಟಿದ್ದರು. ಭಾವ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ರೂಪಾಗೆ ನಾಲ್ಕು ವರ್ಷವಿದ್ದಾಗ ಅಕ್ಕನಿಗೆ ಜ್ವರ ಬಂತು; ಮಾಮೂಲಿ ಜ್ವರ ಅಂದುಕೊಂಡೆವು, ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ವರ್ಷ ಕಳೆಯುವುದರೊಳಗೆ ಹಿರಿಯರು ಕೂತು ಮಾತಾಡಿದರು. ಕೂಸಿಗೆ ಹೊರಗಿನಾಕೆ ಬರುವುದಕ್ಕಿಂತ ತಾಯಿಯ ಬೆನ್ನಿಗೆ ಬಿದ್ದಾಕೆಯೇ ಛಲೋ ಅಂದರು. ನನ್ನನ್ನು ಯಾರೂ ಒತ್ತಾಯ ಮಾಡಲಿಲ್ಲ, ಕೇಳಲೂ ಇಲ್ಲ. ಒಂದು ಟ್ರಂಕು ಹಿಡಿದುಕೊಂಡು ನಾನು ಅಕ್ಕನ ಮನೆಗೆ ಬಂದೆ. ಅಕ್ಕನ ಡಬ್ಬಿಗಳು, ಅಕ್ಕನ ಕೈಯಲ್ಲಿ ನುಣುಪಾದ ಕುಟ್ಟಾಣಿ, ಅಕ್ಕ ಬಡಿದ ಮೊಳೆಗೆ ತೂಗುಬಿದ್ದ ಕನ್ನಡಿ. ಭಾವ ಗಂಡನಾದರು. ರೂಪಾ ಮಾತ್ರ ನನ್ನನ್ನು ಮೊದಲು ಏನು ಕರೆಯುತ್ತಿದ್ದಳೋ ಅದನ್ನೇ ಕರೆದಳು — ಚಿಗವ್ವ. ತಾಯಿಯ ತಂಗಿಗೂ ಅದೇ ಮಾತು, ಮಲತಾಯಿಗೂ ಅದೇ ಮಾತು. ಕೂಸು ಯಾವ ಅರ್ಥದಲ್ಲಿ ಕರೆಯುತ್ತಿದೆ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಇಂದಲ್ಲ ನಾಳೆ ಅವ್ವ ಅಂದಾಳು ಎಂದು ಕಾಯುತ್ತಿದ್ದೆ. ಅವಳ ಬಾಯಿಂದ ಕೇಳಿ ಓಣಿಯ ಮಕ್ಕಳೆಲ್ಲ ನನ್ನನ್ನು ಚಿಗವ್ವ ಅನ್ನತೊಡಗಿದರು. ಪಕ್ಕದ ಮನೆಯ ನಸೀಮಾ ಕೂಡ.

ನಸೀಮಾಳ ಅಪ್ಪ ಗ್ಯಾರೇಜಿನ ಮೆಕ್ಯಾನಿಕ್ಕು. ಅವಳ ಅವ್ವ ಹಸೀನಾಬಿ ಬಾಯಿ ಜೋರಿನ, ಕೈ ಧಾರಾಳದ ಹೆಂಗಸು. ನಸೀಮಾ, ರೂಪಾ ಇಬ್ಬರೂ ಒಂದೇ ವಾರಿಗೆಯವರು, ಐದರ ಆಸುಪಾಸು. ನಮ್ಮ ಅಂಗಳದ ಪೇರಲ ಗಿಡದ ಬುಡದಲ್ಲಿ ಅವರಿಬ್ಬರೂ ಸೇರಿ ಒಂದು ಊರು ಕಟ್ಟಿದ್ದರು. ನಮ್ಮದು ಗೋಪನಕೊಪ್ಪ, ಅವರದು ಗುಬ್ಬಿಕೊಪ್ಪ.

ಎಂಥ ಊರು ಅದು! ಹಂಚಿನ ಚೂರುಗಳ ಮನೆಗಳು. ಕಡ್ಡಿಪೆಟ್ಟಿಗೆಯ ಮಂಚ. ನಸೀಮಾ ಫ್ರಾಕಿನ ಮಡಿಲಲ್ಲಿ ಗ್ಯಾರೇಜಿನಿಂದ ಹೊತ್ತು ತರುತ್ತಿದ್ದ ನಟ್ಟು-ಬೋಲ್ಟುಗಳೇ ಊರಿನ ಮಂದಿ. ದೊಡ್ಡ ಬೋಲ್ಟುಗಳು ರುಮಾಲು ಸುತ್ತಿದ ಅಜ್ಜಂದಿರು, ಸಣ್ಣ ನಟ್ಟುಗಳು ಮಕ್ಕಳು. ಪೆನ್ನಿನ ಮುಚ್ಚಳದ್ದೊಂದು ನಳ. ನಳದ ಮುಂದೆ ಬಾಟಲಿಯ ಬಿರಡೆಗಳ ಸರದಿ, ಯಾಕೆಂದರೆ ಗುಬ್ಬಿಕೊಪ್ಪದಲ್ಲೂ ನೀರು ದಿನಾ ಬರುತ್ತಿರಲಿಲ್ಲ. ಸರದಿಯಲ್ಲಿ ಜಗಳವೂ ಆಗುತ್ತಿತ್ತು. ಒಂದು ಬೋಲ್ಟು ಇನ್ನೊಂದು ಬೋಲ್ಟಿಗೆ ಥೇಟ್ ಹಸೀನಾಬಿಯ ದನಿಯಲ್ಲಿ ಬೈಯುತ್ತಿತ್ತು. ಮೂಲೆಯಲ್ಲಿ ಅಮರಗೋಳ: ಮೆಣಸಿನ ಬೀಜದ ರಾಶಿ, ಅದರ ಪಕ್ಕ ಸೀನುತ್ತ ಕೂತ ಒಂದು ಬೋಲ್ಟು. ಅದು ನಮ್ಮ ಮನೆಯವರು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ನಾನೇ ಎರೆಮಣ್ಣು ಕಲಸಿ ಎತ್ತುಗಳನ್ನು ಮಾಡಿದೆ. ಅಕ್ಕನಿಗೆ ಬರುತ್ತಿದ್ದಂತೆ ನನಗೆ ಬರುವುದಿಲ್ಲ. ನನ್ನ ಎತ್ತುಗಳು ಕತ್ತೆಗಳ ಹಾಗೆ ಕಾಣುತ್ತಿದ್ದವು. ಆದರೂ ಕೋಡಿಗೆ ಸುಣ್ಣ ಹಚ್ಚಿ, ದೇವರ ಜಗಲಿಯ ಮೇಲಿಟ್ಟು, ಹೋಳಿಗೆ ಎಡೆ ತೋರಿಸಿದೆವು. ಮರುದಿನ ಮಕ್ಕಳ ಹಬ್ಬ. ಒಂದು ಎತ್ತಿನ ಕಾಲು ಮುರಿದು, ಆ ಕುಂಟೆತ್ತನ್ನು ಹಲಗೆಯ ಮೇಲಿಟ್ಟುಕೊಂಡು ಮಕ್ಕಳು ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ. ಇಲ್ಲ ಅನ್ನುವ ಮನೆಯೇ ಇರುವುದಿಲ್ಲ. ಆಮೇಲೆ ಉಳಿದ ಎತ್ತುಗಳನ್ನು ನೀರಿಗೆ ಬಿಡುತ್ತೇವೆ. ನಮ್ಮ ಓಣಿಯಲ್ಲಿ ಕುಂಟೆತ್ತನ್ನು ಬಿಡುವ ರೂಢಿ ಇರಲಿಲ್ಲ. ಭಿನ್ನವಾದದ್ದನ್ನು ಗಂಗವ್ವನಿಗೆ ಕೊಡಬಾರದು ಅನ್ನುತ್ತಿದ್ದರು. ಅದನ್ನು ಮಕ್ಕಳು ಆಡಲಿಕ್ಕೆ ಇಟ್ಟುಕೊಳ್ಳುತ್ತಿದ್ದರು. ರೂಪಾ ಅದನ್ನು ಗುಬ್ಬಿಕೊಪ್ಪಕ್ಕೆ ಒಯ್ದಳು.

ಉಳಿದ ಮಣ್ಣಿನಲ್ಲಿ ಅವಳೊಂದು ಹೆಣ್ಣಿನ ಗೊಂಬೆಯನ್ನೂ ಮಾಡಿಕೊಂಡಿದ್ದಳು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಕಿವಿಯಿಂದ.

ಅಂಗಳದ ನೀರಿನ ತೊಟ್ಟಿಯ ಬಳಿ ಭಾಂಡೆ ತಿಕ್ಕುತ್ತಿದ್ದೆ. ಗಿಡದ ಆ ಕಡೆ ಇಬ್ಬರೂ ಕೂತಿದ್ದರು; ನಾನು ಅವರಿಗೆ ಕಾಣುತ್ತಿರಲಿಲ್ಲ. ರೂಪಾ ಮನೆಯ ಯಜಮಾನಿಯ ಗತ್ತಿನಲ್ಲಿ ಹೇಳಿದಳು —

"ಅವ್ವ ಒಳಗ ರೊಟ್ಟಿ ಮಾಡಾಕತ್ತಾಳ. ಚಿಗವ್ವ ಕುಂಟೆತ್ತು. ಆಕಿನ್ನ ಬಾಗಲದಾಗ ನಿಂದ್ರಸು, ಜ್ವಾಳಾ ಹಾಕೂಣು."

ನಸೀಮಾ ಏನೋ ಕೇಳಿದಳು. ರೂಪಾ ಏನೋ ಹೇಳತೊಡಗಿದಳು. ನಾನು ನಿಲ್ಲಲಿಲ್ಲ. ಕೈಯಲ್ಲಿದ್ದ ಬೋಗುಣಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿಬಿಟ್ಟೆ. ಆ ಉಳಿದ ಮಾತನ್ನು ಕೇಳಲಿಲ್ಲ — ಇದನ್ನು ನೆನಪಿಡಿ, ಇಂದು ಮಧ್ಯಾಹ್ನದವರೆಗೂ ನಾನದನ್ನು ಕೇಳಿರಲಿಲ್ಲ.

ಅದಕ್ಕೆ ಕೆಲ ದಿನ ಮೊದಲು ನಳದ ಹತ್ತಿರ ಓಣಿಯ ಹಿರಿಯಳೊಬ್ಬಳು, ನನಗೆ ಕೇಳಲಿ ಎಂದೇ, ಅಕ್ಕನ ತಾಟಿನಲ್ಲಿ ಉಣ್ಣಲಿಕ್ಕೆ ತಂಗಿ ಬಂದಳು ನೋಡ್ರಿ ಅಂದಿದ್ದಳು. ನಕ್ಕು ಕೊಡ ಎತ್ತಿಕೊಂಡು ಬಂದಿದ್ದೆ. ಈಗ ಅದೇ ಮಾತನ್ನು ಐದು ವರ್ಷದ ಕೂಸು ಮಣ್ಣಿನಲ್ಲಿ ಮಾಡಿ ತೋರಿಸಿದಂತಾಯಿತು. ಒಳಗೆ ಅಕ್ಕ. ಹೊರಗೆ, ಹೊಸ್ತಿಲಿನಾಚೆ, ಒಂದು ಹಿಡಿ ಜೋಳಕ್ಕೆ ಕಾದು ನಿಂತ ಕುಂಟಿ ನಾನು. ದಿನಾ ಅವಳ ತಲೆ ಬಾಚುವವಳು ನಾನು, ಕೆಮ್ಮು ಬಂದರೆ ಎದೆಗೆ ಎಣ್ಣೆ ತಿಕ್ಕುವವಳು ನಾನು, ಆದರೂ —

ಇದು ಸಬೂಬಲ್ಲ. ನನ್ನ ತಲೆಯಲ್ಲಿ ಏನಿತ್ತು ಎಂದು ಹೇಳುತ್ತಿದ್ದೇನೆ, ಅಷ್ಟೇ.

ಎರಡು-ಮೂರು ದಿನ ಸುಮ್ಮನಿದ್ದೆ. ಆಮೇಲೊಂದು ಮಧ್ಯಾಹ್ನ. ರೂಪಾ ಉಂಡು ಒಳಗೆ ಮಲಗಿದ್ದಳು. ನಸೀಮಾ ಬಾಗಿಲಿಗೆ ಬಂದು ಕರೆದಳು. ಮಲಗಿದ್ದಾಳೆ, ಆಮೇಲೆ ಬಾ ಅಂದೆ. ಆ ಕೂಸು ಗಿಡದ ಹತ್ತಿರ ಹೋಗಿ, ಮಡಿಲಲ್ಲಿದ್ದ ಎರಡು ಹೊಸ ನಟ್ಟುಗಳನ್ನು ನಳದ ಸರದಿಯ ಕೊನೆಗೆ ನಿಲ್ಲಿಸಿ, ಓಡಿಹೋಯಿತು. ನಾನು ಕಸಬರಿಗೆ ಹಿಡಿದು ಅಂಗಳಕ್ಕಿಳಿದೆ. ಗುಡಿಸಲಿಕ್ಕೆ ಅಂತಲೇ ಇಳಿದೆ. ಗಿಡದ ಬುಡದಲ್ಲಿ ಕೂತೆ. ಸುಮ್ಮನೆ ನೋಡಲಿಕ್ಕೆಂದು ಆ ಮನೆಯ ಹಂಚು ಎತ್ತಿದೆ.

ಒಳಗೆ ಅವಳು ಕೂತಿದ್ದಳು, ನನ್ನ ಕಿರುಬೆರಳಿನಷ್ಟು ಉದ್ದ. ಮೈಗೆ ಅಕ್ಕನ ಇಳಕಲ್ ಸೀರೆಯ ಸೆರಗಿನ ಕೆಂಪು ಚಿಂದಿ ಸುತ್ತಿತ್ತು. ಟ್ರಂಕಿನ ತಳದಿಂದ ಕೂಸು ಯಾವಾಗ ಹರಿದುಕೊಂಡಿತೋ. ಕಣ್ಣಿಗೆ ಎರಡು ಜೋಳದ ಕಾಳು. ಮತ್ತು ಗದ್ದದ ಎಡಕ್ಕೆ ಒಂದು ಸಾಸಿವೆ.

ಅಕ್ಕನ ಗದ್ದದಲ್ಲಿ ಮಚ್ಚೆ ಇತ್ತು. ಜೊತೆಯಲ್ಲಿ ಆಡಿ ಬೆಳೆದ ನಾನು ಅದನ್ನು ಮರೆತಿದ್ದೆ. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳಕೊಂಡ ಕೂಸು ಮರೆತಿರಲಿಲ್ಲ.

ಆಗ ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಚಿಂದಿಯನ್ನು ಬಿಚ್ಚಿಕೊಂಡೆ. ಗೊಂಬೆಯನ್ನು ನೆಲಕ್ಕಿಟ್ಟು, ಎದ್ದು ನಿಂತು, ಹಿಮ್ಮಡಿಯಿಟ್ಟು ತುಳಿದೆ. ಒಂದೇ ಸಲ ಅಲ್ಲ. ಹಂಚಿನ ಮನೆಯನ್ನೂ ತುಳಿದೆ, ನಳವನ್ನೂ, ಕಡ್ಡಿಪೆಟ್ಟಿಗೆಯನ್ನೂ. ಆಮೇಲೆ ಬಚ್ಚಲಿಗೆ ಹೋಗಿ, ನೀರೊಲೆಯ ಕೆಂಡದಲ್ಲಿ ಚಿಂದಿಯನ್ನು ಹಾಕಿದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅಂದೇ ನನಗದು ತಿಳಿದದ್ದು.

ಕುಂಟೆತ್ತನ್ನು ಮಾತ್ರ ತುಳಿಯಲಿಲ್ಲ. ಯಾಕೋ — ನನ್ನದೇ ಗೊಂಬೆಯೆಂದೇನೋ. ಅದು ಪುಡಿಯಾದ ಮನೆಯ ಬಾಗಿಲಲ್ಲಿ ಮೂರು ಕಾಲಿನ ಮೇಲೆ ಹಾಗೇ ನಿಂತಿತ್ತು.

ರೂಪಾ ಎದ್ದು, ಕಣ್ಣುಜ್ಜಿಕೊಳ್ಳುತ್ತ ನೇರ ಅಲ್ಲಿಗೇ ಹೋದಳು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅವಳು ಚೀರಲಿಲ್ಲ. ಬಹಳ ಹೊತ್ತು ನಿಂತು, ಮಣ್ಣನ್ನು ಬೆರಳಿಂದ ಕೆದರಿ, ಎರಡು ಜೋಳದ ಕಾಳು ಹೆಕ್ಕಿಕೊಂಡು ಒಳಗೆ ಬಂದಳು. ಅಂಗೈ ಚಾಚಿ ನನಗೆ ತೋರಿಸಿ, ಯಾರು ತುಳಿದರು ಎಂದು ಕೇಳಿದಳು. ಆಗ ನಾನು ಹೇಳಿದ ಮಾತು ಇದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ —

"ನಸೀಮಾ ಬಂದಿದ್ಲ ನೋಡ."

ನಸೀಮಾ ಬಂದಿದ್ದು ಖರೆ. ನಾನು ಸುಳ್ಳು ಹೇಳಲಿಲ್ಲ, ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ಸತ್ಯವನ್ನೇ ಆರಿಸಿ ಆರಿಸಿ ಹೀಗೂ ಜೋಡಿಸಲಿಕ್ಕೆ ಬರುತ್ತದೆ.

ಉಳಿದದ್ದೆಲ್ಲ ತಾನಾಗಿ ಆಯಿತು. ರೂಪಾ ಪಕ್ಕದ ಮನೆಗೆ ಹೋಗಿ ನಸೀಮಾಳ ಕೂದಲು ಹಿಡಿದಳು. ಹಸೀನಾಬಿ ಗದ್ದಲಕ್ಕೆ ಹೊರಬಂದು, ತಾಯಿಯಿಲ್ಲದ ಕೂಸಿನ ಗೊಂಬೆ ತುಳಿದೆಯಾ ಎಂದು ಮಗಳನ್ನು ಬೈದಳು. ನಸೀಮಾ ನಾನಲ್ಲ, ನಾನಲ್ಲ ಅಂದಳು. ಹಸೀನಾಬಿ ನನ್ನ ಕಡೆ ತಿರುಗಿ, ನೀವು ನೋಡಿದಿರೇನು ಎಂದು ಕೇಳಿದಳು. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಹೋಗಲಿ ಬಿಡ್ರಿ, ಸಣ್ಣ ಹುಡುಗರು ಅಂದೆ. ಆ ಮಾತಿನಲ್ಲಿ ಹೌದು ಎಂಬುದು ಎಷ್ಟು ಗಟ್ಟಿಯಾಗಿತ್ತೆಂದರೆ, ಹಸೀನಾಬಿಯ ಕೈ ಎದ್ದೇಬಿಟ್ಟಿತು. ಕೂಸಿನ ಕೆನ್ನೆಯ ಮೇಲೆ ಆ ಏಟು ಬಿದ್ದ ಸಪ್ಪಳ... ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುದಿನ ನಸೀಮಾ ಗೋಡೆಯಾಚೆಯಿಂದ, ತುಳಿದಿದ್ದರೂ ಗೊತ್ತಾಗಲಿಲ್ಲ ಅಂದಳು. ಅದರ ಮರುದಿನ, ನಟ್ಟು ಇಡುವಾಗ ಕಾಲು ಬಡಿಯಿತೇನೋ ಅಂದಳು. ವಾರದೊಳಗೆ ಅವಳಿಗೇ ಪೂರ್ತಿ ನೆನಪಾಯಿತು: ತುಳಿದದ್ದು, ಹಂಚು ಚಟ್ಟೆಂದು ಒಡೆದದ್ದು, ಹೆದರಿ ಓಡಿದ್ದು. ಆಗದ್ದನ್ನು ನೆನಪು ಮಾಡಿಕೊಳ್ಳಲಿಕ್ಕೆ ಒಂದು ಕೂಸಿಗೆ ನಾನು ಕಲಿಸಿದೆ. ಒಂದು ಸಂಜೆ ಅವಳು ಉದ್ದನೆಯ ಬೋಲ್ಟೊಂದಕ್ಕೆ ಕೆಂಪು ಬಟ್ಟೆ ಸುತ್ತಿ ತಂದು, ಹೊಸ ಅವ್ವ ಎಂದು ರೂಪಾಳ ಮುಂದೆ ಹಿಡಿದಳು. ರೂಪಾ ಅದನ್ನು ಕಸಿದು ಗೋಡೆಯಾಚೆ ಎಸೆದಳು. ಮುಂದಿನ ಬೇಸಿಗೆಯಲ್ಲಿ ನಸೀಮಾಳ ಅಪ್ಪ ಲಕಮನಹಳ್ಳಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ. ಅವರು ಧಾರವಾಡಕ್ಕೆ ಹೋದರು. ಟೆಂಪೋದ ಹಿಂದೆ ಪಾತ್ರೆಗಳ ನಡುವೆ ಕೂತ ನಸೀಮಾ ಕೈಬೀಸಿದಳು. ರೂಪಾ ಬಾಗಿಲಿಗೆ ಬರಲಿಲ್ಲ. ಕೈಬೀಸಿದವಳು ನಾನು.

ರೂಪಾ ಮತ್ತೆಂದೂ ಆ ಊರು ಕಟ್ಟಲಿಲ್ಲ. ಕೆಲವು ದಿನ ಅಂಗಳದಲ್ಲಿ ಬಗ್ಗಿಕೊಂಡು ಏನನ್ನೋ ಹುಡುಕುತ್ತಿದ್ದಳು. ಏನೆಂದು ನನಗೆ ಗೊತ್ತಿತ್ತು. ಆ ವರ್ಷದ ಮಳೆ ಹತ್ತಿತು. ಕುಂಟೆತ್ತು ಗಿಡದ ಬುಡದಲ್ಲೇ ಉಳಿದಿತ್ತು. ಅಡುಗೆಮನೆಯ ಕಿಟಕಿಯಿಂದ ದಿನಾ ಕಾಣುತ್ತಿತ್ತು. ಮೊದಲು ಕೋಡು ಹೋಯಿತು, ಆಮೇಲೆ ಒಂದೊಂದಾಗಿ ಕಾಲು, ಆಮೇಲೆ ಬೆನ್ನು ಜಾರಿತು. ಕಟ್ಟಕಡೆಗೆ ಮೋರೆಯೊಂದೇ ಉಳಿಯಿತು, ಮನೆಯ ಕಡೆ ತಿರುಗಿ. ಮತ್ತೆ ಒಂದು ಬೆಳಗ್ಗೆ ಅದೂ ಇರಲಿಲ್ಲ, ನೆಲ ನೆಲವಾಗಿತ್ತು. ನಾನು ಅಲ್ಲಿ ಗುಡಿಸುವುದನ್ನು ಬಿಟ್ಟೆ. ಇಂದಿಗೂ ಕಸಬರಿಗೆ ಆ ಜಾಗಕ್ಕೆ ಬಂದರೆ ಸುತ್ತುಹಾಕಿ ಹೋಗುತ್ತದೆ. ಗಿಡದ ಬುಡ ಹೊಲಸು ಬಿಟ್ಟಿದ್ದೀಯಲ್ಲ ಎಂದು ಮನೆಯವರು ಅನ್ನುತ್ತಾರೆ. ಎಲೆ ಗೊಬ್ಬರವಾಗಲಿ ಅನ್ನುತ್ತೇನೆ. ಮಳೆಗಾಲದ ಮೋಡದ ಬೆಳಕಿನಲ್ಲಿ ಕೆಲವೊಮ್ಮೆ ಅಲ್ಲೊಂದು ಮಣ್ಣಿನ ಹೆಂಟೆ ನನ್ನ ಕಡೆ ಮೋರೆ ಮಾಡಿ ಕೂತಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡುವುದಿಲ್ಲ.

ನನಗೆ ಮಕ್ಕಳಾಗಲಿಲ್ಲ. ರೂಪಾ ಓದಿದಳು, ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಎರಡು ಓಣಿಯಾಚೆ ಅವಳ ಮನೆ. ಅವಳ ಮಗಳು ಚಿನ್ನುವನ್ನು ಹಗಲೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಅಳಿಯನಿಗೆ ಬಸ್ ಡಿಪೋದಲ್ಲಿ ಈ ವಾರ ರಾತ್ರಿಪಾಳಿ; ಹಾಗಾಗಿ ತಾಯಿ-ಮಗಳು ಇಬ್ಬರದೂ ಊಟ, ಮಲಗುವುದು ಎಲ್ಲ ಇಲ್ಲೇ. ರೂಪಾ ನನ್ನೊಡನೆ ಜಗಳಾಡುತ್ತಾಳೆ, ನನ್ನ ಸೀರೆ ಉಡುತ್ತಾಳೆ, ತಲೆನೋವೆಂದರೆ ನನ್ನ ತೊಡೆಯ ಮೇಲೆ ತಲೆಯಿಡುತ್ತಾಳೆ. ಚಿಗವ್ವ ಅನ್ನುತ್ತಾಳೆ. ಹಡೆದವರಿಗೆ ಹೇಗೋ ಹಾಗೆ 'ನೀ' ಅನ್ನುತ್ತಾಳೆ. ಅಷ್ಟು ಸಾಕೆಂದು ಯಾವಾಗಲೋ ಒಪ್ಪಿಕೊಂಡಿದ್ದೆ.

ಹೋದ ತಿಂಗಳು ಬಾಲವಾಡಿಯ ಗೇಟಿನಲ್ಲಿ ರೂಪಾಗೆ ನಸೀಮಾ ಸಿಕ್ಕಳು. ಮದುವೆಯಾಗಿ ಹುಬ್ಬಳ್ಳಿಗೇ ಬಂದಿದ್ದಾಳೆ; ಅವಳ ಮಗಳು ಸಾನಿಯಾ ನಮ್ಮ ಚಿನ್ನುವಿನ ಪಕ್ಕದಲ್ಲೇ ಕೂಡುತ್ತಾಳಂತೆ. ಮನೆಗೆ ಬಾ ಎಂದು ರೂಪಾ ಕರೆದಿದ್ದಳು. ಬಾಲ್ಯದ ಗೆಳತಿ ಸಿಕ್ಕಳು ಎಂದು ಬಂದು ನನಗೆ ಸಂಭ್ರಮದಿಂದ ಹೇಳಿದಳು. ಗೊಂಬೆಯ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇಂದು ಬಾಲವಾಡಿ ಬಿಟ್ಟ ಮೇಲೆ ನಸೀಮಾ ಮಗಳನ್ನು ಕರೆದುಕೊಂಡು ಬಂದಳು. ರೂಪಾ ಇನ್ನೂ ಶಾಲೆಯಲ್ಲಿದ್ದಳು. ನಸೀಮಾ ಎತ್ತರದ ಹೆಂಗಸಾಗಿದ್ದಾಳೆ, ಥೇಟ್ ಹಸೀನಾಬಿಯ ಹಣೆ. "ಚಿಗವ್ವ, ಗುರ್ತ ಸಿಕ್ತೇನ?" ಅಂದಳು. ನನ್ನ ಕಾಲು ಮುಟ್ಟಲು ಬಾಗಿದವಳನ್ನು ಹಿಡಿದೆ. ಚಿನ್ನು ಸಾನಿಯಾಳ ಕೈ ಎಳೆದುಕೊಂಡು ನೇರ ಪೇರಲ ಗಿಡದ ಬುಡಕ್ಕೆ ಹೋದಳು. ಅವಳೂ ಅಲ್ಲಿ ಒಂದು ಊರು ಕಟ್ಟಿಕೊಂಡಿದ್ದಾಳೆ. ಯಾರು ಹೇಳಿಕೊಟ್ಟರೋ, ಆ ನೆಲವೇ ಹೇಳಿಕೊಡುತ್ತದೇನೋ. ಚಹಾಪುಡಿ ಡಬ್ಬಿಯ ಮುಚ್ಚಳಗಳು, ಹುಣಸೆಬೀಜದ ಮಂದಿ, ಈ ವರ್ಷದ ಕುಂಟೆತ್ತು.

ಸಾನಿಯಾ ಊರಿನ ಗಡಿಯಲ್ಲಿ ನಿಂತಳು. ಚಪ್ಪಲಿ ಬಿಚ್ಚಿದಳು. ಎರಡನ್ನೂ ಜೋಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ತುದಿಗಾಲಲ್ಲಿ, ಒಂದೊಂದೇ ಹೆಜ್ಜೆ ನೋಡಿ ನೋಡಿ, ಹುಣಸೆಬೀಜಗಳ ನಡುವೆ ನಡೆದಳು. ಚಿನ್ನು ಅವಳನ್ನು ನೋಡಿ ನಕ್ಕಳು. ನನಗೆ ನಗು ಬಂತು, ಇದೇನವಾ, ಗುಡಿಗೆ ಹೊಂಟಂಗ ಹೊಂಟಾಳ ಅಂದೆ.

ನಸೀಮಾ ನಗಲಿಲ್ಲ. ಕಪ್ಪನ್ನು ಕೆಳಗಿಟ್ಟಳು.

"ನಾನ ಕಲಿಸೇನಿ, ಚಿಗವ್ವ. ಕಾಲ ನೋಡಕೋತ ನಡಿ, ಯಾರದರ ಏನರ ತುಳಿದಿ ಅಂತ. ಅವತ್ತ ರೂಪಾನ ಅವ್ವನ್ನ ತುಳದ್ನೆಲ್ಲ — ಆ ಸಪ್ಪಳ ಇನ್ನೂ ನನ್ನ ಕಾಲಾಗ ಐತಿ."

ಅವಳೇ ಮುಂದುವರಿಸಿದಳು. ಲಕಮನಹಳ್ಳಿಗೆ ಹೋದ ಮೇಲೂ ಬರಿಗಾಲಲ್ಲೇ ಅಂಗಳ ದಾಟುತ್ತಿದ್ದಳಂತೆ. ತನ್ನಿಂದಲೇ ಅಪ್ಪ ಊರು ಬಿಟ್ಟ ಎಂದು ಬಹಳ ವರ್ಷ ಅಂದುಕೊಂಡಿದ್ದಳಂತೆ. ಗಂಡ ಇವಳ ನಡಿಗೆ ನೋಡಿ, ಏನರ ಕಳಕೊಂಡೀಯೇನ ಎಂದು ಚೇಷ್ಟೆ ಮಾಡುತ್ತಾನಂತೆ. ರೂಪಾಳ ಮುಂದೆ ಬಾಯಿ ಬರಲಿಲ್ಲ, ಅದಕ್ಕೇ ಅವಳಿಲ್ಲದ ಹೊತ್ತು ನೋಡಿ ನನ್ನ ಹತ್ತಿರ ಬಂದಳಂತೆ. ಮೊದಲು ನೀವು ಮಾಫ್ ಮಾಡ್ರಿ ಅಂದಳು. ಮತ್ತೆ, ಅಳು-ನಗು ಎರಡೂ ಕೂಡಿದ ದನಿಯಲ್ಲಿ —

"ಆಕಿ ಎಷ್ಟ ಶಾಣ್ಯಾ ಇದ್ಲ ಗೊತ್ತೇನ್ರಿ? ನಿಮ್ಮನ್ನ ಯಾಕ ಕುಂಟೆತ್ತ ಮಾಡೀದಿ ಅಂತ ಕೇಳಿದ್ದೆ ನಾ. ಛಲೋ ಎತ್ತೆಲ್ಲಾ ನೀರಿಗೆ ಹೊಕ್ಕಾವ, ಕುಂಟೆತ್ತ ಒಂದ ಮನ್ಯಾಗ ಉಳಿತೈತಿ ಅಂದ್ಲು. ಅವ್ವ ಛಲೋ ಇದ್ಲು, ಹೋದ್ಲು. ಚಿಗವ್ವ ಹೋಗಬಾರ್ದು ಅಂದ್ಲು."

ಅದೇ ಆ ಉಳಿದ ಮಾತು. ಬೋಗುಣಿ ಬಿಟ್ಟು ಒಳಗೆ ಹೋಗದೆ ಇನ್ನೊಂದು ಗಳಿಗೆ ನಿಂತಿದ್ದರೆ —

ಇಲ್ಲ. ಹಾಗೂ ಅನ್ನಬಾರದು. ಆ ಕೂಸು ನನ್ನನ್ನು ಖರೇನೇ ಬೈದಿದ್ದರೂ, ಹೊಸ್ತಿಲಿನಾಚೆ ನಿಲ್ಲಿಸಿದ್ದರೂ, ತುಳಿಯುವ ಹಕ್ಕು ನನಗಿರಲಿಲ್ಲ. ನಸೀಮಾಳ ಹೆಸರು ಹೇಳುವ ಹಕ್ಕಂತೂ ಇರಲೇ ಇಲ್ಲ. ಅರ್ಥ ತಪ್ಪಿದ್ದರಿಂದ ನಾನು ತುಳಿದೆ ಅಂದರೆ, ಅರ್ಥ ಸರಿಯಿದ್ದರೆ ತುಳಿಯಬಹುದಿತ್ತು ಅಂದಂತಾಗುತ್ತದೆ.

ಆಗಲೇ ಹೇಳಬೇಕಿತ್ತು. ಅವಳು ನನ್ನ ಮುಂದೆಯೇ ಕೂತಿದ್ದಳು, ಮಾತು ನಾಲಿಗೆಯ ಮೇಲೇ ಇತ್ತು. ನಾನು ಇರ್ಲಿ ಬಿಡವಾ ಅಂದೆ. ಬೆನ್ನು ಸವರಿದೆ. ಅವಳು ಹಗುರಾಗಿ ಉಸಿರು ಬಿಟ್ಟಳು. ಚಹಾ ಆರಿದೆ, ಬಿಸಿ ಮಾಡಿಕೊಡಲೇನು ಎಂದು ಕೇಳಿದೆ. ಹೋಗುವಾಗ ಸಾನಿಯಾ ಗಿಡದ ಬುಡದಿಂದ ಹಿಂದೆ ಸರಿದು, ಚಪ್ಪಲಿಯ ಧೂಳು ಕೊಡವಿ ಹಾಕಿಕೊಂಡಳು. ಆ ಸಣ್ಣ ಚಪ್ಪಲಿಗಳು. ನನ್ನ ತಪ್ಪು ಈಗ ಎರಡನೆಯ ಮನೆಗಷ್ಟೇ ಅಲ್ಲ, ಎರಡನೆಯ ತಲೆಮಾರಿಗೆ ಹೋಗಿ ಕೂತಿದೆ.

ರೂಪಾ ಸಂಜೆ ಬಂದಳು. ಕೈಕಾಲು ತೊಳೆದು ಅಡುಗೆಮನೆಯಲ್ಲಿ ನನ್ನೆದುರು ಕೂತು ಉಳ್ಳಾಗಡ್ಡಿ ಹೆಚ್ಚತೊಡಗಿದಳು. ನಸೀಮಾ ಬಂದಿದ್ದಳಾ, ಏನಂದಳು ಎಂದು ಕೇಳಿದಳು. ಮನೆಯವರು ಹೊರಗೆ ಕಟ್ಟೆಯ ಮೇಲೆ ಮೊಮ್ಮಗಳ ಜೊತೆ ಇದ್ದರು. ಒಲೆಯ ಮೇಲೆ ಪಲ್ಯ ಕುದಿಯುತ್ತಿತ್ತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಹೇಳಲಾಗುತ್ತಿರಲಿಲ್ಲ.

"ರೂಪಾ, ನಸೀಮಾ ತುಳೀಲಿಲ್ಲ. ನಾ ತುಳದೆ."

ಯಾವುದನ್ನು ಎಂದು ಅವಳು ಕೇಳಲಿಲ್ಲ. ಇಷ್ಟು ವರ್ಷದ ಮೇಲೆ, ಇಷ್ಟು ಕೆಲಸದ ನಡುವೆ, ಯಾವುದನ್ನು ಎಂದು ಕೇಳಬೇಕಾಗಲಿಲ್ಲ ಅವಳಿಗೆ. ಹೆಚ್ಚುವುದು ನಿಂತಿತು. ನಾನು ಉಳಿದದ್ದನ್ನೆಲ್ಲ ಹೇಳಿದೆ: ಭಾಂಡೆ ತಿಕ್ಕುತ್ತ ಕೇಳಿದ್ದು, ಹಂಚು ಎತ್ತಿದ್ದು, ಸಾಸಿವೆ, ಹಿಮ್ಮಡಿ, ಕಿಟಕಿ. ಒಲೆಯ ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ತೆಗೆದು ಬದಿಗಿಟ್ಟೆ.

ಅವಳು ಒಂದೇ ಒಂದನ್ನು ಕೇಳಿದಳು.

"ಸೀರಿ ತುಂಡ?"

ಒಲೆಗೆ ಹಾಕಿದೆ ಎಂದೆ.

"ನಾ ಅದನ್ನ ಭಾಳ ಹುಡಿಕಿದ್ದೆ" ಅಂದಳು. ಗೋಡೆಗೆ ಹೇಳಿದಂತೆ. ಆಮೇಲೆ ಉಳ್ಳಾಗಡ್ಡಿಯನ್ನು ತಾಟಿಗೆ ಸರಿಸಿ, ಎದ್ದು ನಿಂತು —

"ನಸೀಮಾಗ ನೀವ ಹೇಳ್ರಿ. ನಾ ಹೇಳಂಗಿಲ್ಲ."

ನೀವ. ಹೇಳ್ರಿ. ಈ ಊರಿನಲ್ಲಿ ಹಾಲಿನವನಿಗೂ ರೀ ಅನ್ನುತ್ತೇವೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಅನ್ನುತ್ತೇವೆ; ಅದರಲ್ಲಿ ಮರ್ಯಾದೆಯಲ್ಲದೆ ಬೇರೇನಿಲ್ಲ. ಹುಟ್ಟಿದಾಗಿನಿಂದ ನನಗೆ ನೀ ಅಂದವಳು ಇಂದು ಮರ್ಯಾದೆ ಕೊಟ್ಟಳು. ಅವ್ವ ಅನ್ನಲಿ ಎಂದು ಕಾದವಳಿಗೆ ಇಂಥದೂ ಒಂದು ದಿನ ಬರುವುದಿತ್ತು. ನಾನು ಹೂಂ ಅಂದೆ.

ನಾಳೆ ಚಿನ್ನುವನ್ನು ಬಾಲವಾಡಿಗೆ ಬಿಡಲು ನಾನೇ ಹೋಗುತ್ತೇನೆ. ಗೇಟಿನಲ್ಲಿ ನಸೀಮಾ ಇರುತ್ತಾಳೆ. ಸಾನಿಯಾಳೂ ಇರುವಾಗಲೇ ಹೇಳುತ್ತೇನೆ. ನಿಮ್ಮವ್ವ ಏನನ್ನೂ ತುಳಿದಿಲ್ಲವಾ, ನೀನು ಚಪ್ಪಲಿ ಹಾಕಿಕೊಂಡೇ ಆಡು, ತುಳಿದವಳು ಈ ಅಜ್ಜಿ — ಎಂದು ಆ ಕೂಸಿಗೂ ತಿಳಿಯುವ ಮಾತಿನಲ್ಲಿ. ನಸೀಮಾ ಏನು ಅನ್ನುತ್ತಾಳೋ ಅನ್ನಲಿ. ಹಸೀನಾಬಿ ಅಂದು ಎತ್ತಿದ ಕೈಯನ್ನು ಅವಳು ನನ್ನ ಮೇಲೆ ಎತ್ತಿದರೂ ಸರಿಯೇ. ಅದು ಸಿಗಬೇಕಾದ ಕೆನ್ನೆ ಇದೇ.

ರಾತ್ರಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಎಲ್ಲರೂ ಕೂಡಿಯೇ ಕೂತೆವು. ಇಬ್ರೂ ಯಾಕ ಬಾಯಿ ಹೊಲಕೊಂಡೀರಿ, ಪಲ್ಯಾಕ ಉಪ್ಪ ಹಾಕಿಲ್ಲ ಎಂದು ಮನೆಯವರು ಅಂದರು. ಹೌದು, ಮರೆತಿದ್ದೆ. ಯಾರೂ ಎದ್ದು ತರಲಿಲ್ಲ, ಸಪ್ಪೆಯನ್ನೇ ಉಂಡೆವು. ನಡುವೆ ರೂಪಾ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ಕೇಳದೆ, ನನ್ನ ಮುಖ ನೋಡದೆ. ಕುಂಟೆತ್ತು ಬಾಗಿಲಿಗೆ ಬಂದರೆ ಇಲ್ಲ ಅನ್ನುವವರಿಲ್ಲ. ಹಾಗೆ ಹಾಕಿದಳೋ, ಮತ್ತೆ ಹೇಗೋ ನನಗೆ ತಿಳಿಯದು. ತುಂಡು ಬಿಡದೆ ಉಂಡೆ.

ಎಲ್ಲರಿಗಿಂತ ಮೊದಲು ಚಿನ್ನು ಮಲಗಿದಳು, ಮುಷ್ಟಿಯಲ್ಲಿ ಒಂದು ಹುಣಸೆಬೀಜ ಹಿಡಿದುಕೊಂಡೇ. ಆಮೇಲೆ ಮನೆಯವರು. ರೂಪಾ ಗೋಡೆಯ ಕಡೆ ಮೋರೆ ಮಾಡಿ ಮಲಗಿದ್ದಾಳೆ. ನಿದ್ದೆ ಹತ್ತಿದೆಯೋ ಇಲ್ಲವೋ, ಕೇಳಲಿಲ್ಲ.